ಹಿಂದೆ ನಿಂತವರೂ ಕಾಣಬೇಕು

ಹೋದ ವಾರ ಕಾಗವಾಡದ ಹಾದಿಯಲ್ಲಿ ನಮ್ಮ ಬಸ್ಸಿನ ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ತೂಗಾಡುತ್ತ ಹೋಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ, ಟ್ರ್ಯಾಕ್ಟರಿನವನು ಹಾದಿ ಬಿಡಲೇ ಇಲ್ಲ. ಬಸ್ಸಿನಲ್ಲಿದ್ದವರೆಲ್ಲ ಬೈಯುತ್ತಿದ್ದರೆ ನಾನೊಬ್ಬಳೇ ಕಿಟಕಿಗೆ ಮೂಗು ಹಚ್ಚಿ ಕುಳಿತಿದ್ದೆ. ಆಗತಾನೇ ಕಡಿದ ಕಬ್ಬಿಗೆ ಒಂದು ವಾಸನೆ ಇರುತ್ತದೆ. ಹಸಿ, ಸಿಹಿ, ಜೊತೆಗೆ ಸ್ವಲ್ಪ ಮಣ್ಣು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಮೊಮ್ಮಗಳು ಸುಪ್ರಿಯಾ ಕ್ಯಾಮೆರಾ ಹೊತ್ತುಕೊಂಡು ಹೊಲಹೊಲ ಅಲೆದ ಚಳಿಗಾಲ ಕಣ್ಣ ಮುಂದೆ ಬಂದು ನಿಂತಿತು. ನನ್ನ ತವರುಮನೆಯ ಬಾಗಿಲು ಇನ್ನು ಮುಚ್ಚಿಯೇ ಹೋಗುತ್ತದೇನೋ ಎಂದು ನಾನು ಹೆದರಿದ್ದ ಚಳಿಗಾಲ ಅದು.

ನಾನು ಜುಗೂಳದ ಮಗಳು, ಹಾರೂಗೇರಿಯ ಸೊಸೆ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ನನ್ನ ಅಣ್ಣ, ಭೂಪಾಲಣ್ಣ. ಕೃಷ್ಣಾ ಹೊಳೆಯ ದಂಡೆಗೆ ಅವನ ಕಬ್ಬಿನ ಹೊಲ. ಮಾತು ಒರಟು, ಮನಸ್ಸು ಬೆಣ್ಣೆ. ನನಗೆ ಮೊಮ್ಮಕ್ಕಳಾಗಿ ತಲೆಗೂದಲು ಬೆಳ್ಳಗಾದರೂ ಪ್ರತಿ ನಾಗಪಂಚಮಿಗೆ ಅವನೇ ಬಂದು, "ನಡಿ ಪದ್ದೀ, ಜೋಕಾಲಿ ಕಟ್ಟೇವಿ" ಎಂದು ಕರೆದೊಯ್ಯುತ್ತಿದ್ದ. ಜೋಕಾಲಿ ಆಡುವ ಸೊಂಟ ಎಲ್ಲಿ ಉಳಿದಿತ್ತು ನನಗೆ! ಆದರೂ ಓಣಿಯ ಹೆಂಗಸರ ಮುಂದೆ ಚೀಲ ಹಿಡಿದು ಹೊರಡುವಾಗ ಎದೆ ಉಬ್ಬುತ್ತಿತ್ತು. ಈ ವಯಸ್ಸಿನಲ್ಲಿ ಕರೆಯಲು ಬರುವವರು ಎಷ್ಟು ಜನಕ್ಕಿರುತ್ತಾರೆ ಹೇಳಿ?

ಆ ವರ್ಷ ಬೇಸಿಗೆಯಲ್ಲಿ ನನ್ನ ಮೊಮ್ಮಗ ಅಭಯನ ಮದುವೆಯಾಯಿತು. ಅವನ ತಂಗಿಯೇ ಸುಪ್ರಿಯಾ, ನಮ್ಮ ಸುಪ್ಪಿ. ಚಿಕ್ಕೋಡಿಯಲ್ಲಿ ಕಾಲೇಜು ಮುಗಿಸಿ ನಿಪ್ಪಾಣಿಯ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯಲು ಕಲಿತು ಬಂದಿದ್ದಳು. ಅಪ್ಪನ ಬೆನ್ನು ಬಿದ್ದು ಹೊಸ ಕ್ಯಾಮೆರಾ ಕೊಡಿಸಿಕೊಂಡಿದ್ದಳು. ಅಣ್ಣನ ಮದುವೆಯ ಫೋಟೋ ತಾನೇ ತೆಗೆಯುತ್ತೇನೆಂದು ಹಟ ಹಿಡಿದಳು. ಅಕ್ಷತೆ ಬೀಳುವಾಗ ನನ್ನ ಅಣ್ಣ ತಲೆಗೆ ಕೇಸರಿ ಪಟಗಾ ಸುತ್ತಿಕೊಂಡು, ಪಕ್ಕದಲ್ಲಿ ಹಸಿರು ಸೀರೆಯುಟ್ಟ ಹೆಂಡತಿಯನ್ನು, ನನ್ನ ವೈನಿಯನ್ನು, ನಿಲ್ಲಿಸಿಕೊಂಡು, ಮದುಮಕ್ಕಳ ಬೆನ್ನಿಗೆ ನಿಂತಿದ್ದ. ಅಜ್ಜಿಯ ತವರಿನವರು ಅಲ್ಲವೇ, ಆ ಜಾಗ ಅವರದೇ.

ಆಲ್ಬಮ್ ಬಂದ ದಿನ ಅಣ್ಣನನ್ನೂ ವೈನಿಯನ್ನೂ ಹಾರೂಗೇರಿಗೆ ಊಟಕ್ಕೆ ಕರೆಸಿದೆವು. ಒಳಗೆ ಹೋಳಿಗೆ ಬೇಯುತ್ತಿತ್ತು. ಅಣ್ಣ ಕನ್ನಡಕ ಏರಿಸಿ, ದೇವರ ಪೋಥಿ ತಿರುವಿದಷ್ಟು ಜೋಪಾನವಾಗಿ ಹಾಳೆ ತಿರುವತೊಡಗಿದ. ಏನು ಫೋಟೋ ಅಂತೀರಿ! ಮದುಮಗಳ ಬಳೆ ಕಾಣುತ್ತಿತ್ತು, ಬಳೆಯ ಮೇಲಿನ ಹರಳು ಕಾಣುತ್ತಿತ್ತು, ಅಭಯನ ಬಾಸಿಂಗದ ಮುತ್ತು ಒಂದೊಂದಾಗಿ ಎಣಿಸುವಂತಿತ್ತು. ಹಿಂದೆ ನಿಂತವರು ಮಾತ್ರ ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಾಗೆ.

"ಇದ್ರಾಗ ನಾ ಎಲ್ಲಿ ಅದೇನಿ?" ಎಂದ ಅಣ್ಣ.

"ಇಲ್ಲಿ ನೋಡ್ರಿ ಅಜ್ಜ, ಈ ಪಟಗಾ ನಿಮ್ದ" ಎಂದು ಸುಪ್ಪಿ ಬೆರಳಿಟ್ಟು ತೋರಿಸಿದಳು.

"ಇದು ಪಟಗಾ ಏನ? ನಾ ಗಜ್ಜರಿ ಅನ್ಕೊಂಡಿದ್ದೆ. ಮತ್ತ ಬಾಜೂಕ ಈ ಹಸರ ಮೇವಿನ ಹೊರಿ ಯಾಕ ಇಟ್ಟಾರ?"

"ಅದು ನಾನರೀ!" ಎಂದರು ವೈನಿ.

ಎಲ್ಲರೂ ನಕ್ಕೆವು. ಅಣ್ಣನೂ ಅರ್ಧ ನಕ್ಕಿದ್ದ. ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಸುಪ್ಪಿಗೆ ತಾನು ಕಲಿತ ವಿದ್ಯೆ ಹೇಳುವ ಉಮೇದು. "ಅದು ತಪ್ಪಿ ಆಗಿದ್ದಲ್ರಿ ಅಜ್ಜ. ನಾ ಬೇಕಂತನ ಮಾಡೀನಿ" ಎಂದಳು.

ಅಣ್ಣ ಕನ್ನಡಕ ಕೆಳಗಿಳಿಸಿದ. "ಬೇಕಂತ?"

"ಹೂಂರಿ. ಹಿಂದಿನವರನ್ನ ಮಸಕ ಮಾಡಿದ್ರನ ಮುಂದಿನವರು ಎದ್ದ ಕಾಣತಾರ."

ನಮ್ಮ ಕಡೆ ಆ 'ಬೇಕಂತ' ಎನ್ನುವ ಮಾತು ಸಣ್ಣದಲ್ಲ. ದನ ಒಬ್ಬರ ಹೊಲ ಹೊಕ್ಕರೆ ಮೊದಲು ಕೇಳುವುದೇ ಅದನ್ನು: ತಾವಾಗಿ ಹೊಕ್ಕವೋ, ಬೇಕಂತ ಹೊಗಿಸಿದರೋ? ತಾವಾಗಿ ಹೊಕ್ಕಿದ್ದರೆ ಬೈದು ಬಿಡುತ್ತಾರೆ. ಬೇಕಂತ ಎಂದಾದರೆ ಎರಡು ಮನೆಗಳ ನಡುವೆ ನೀರು ಬೆಂಕಿ ನಿಲ್ಲುತ್ತದೆ. ಹುಡುಗಿಗೆ ಅದು ಕಲೆಯ ಮಾತು. ಅಣ್ಣನಿಗೆ ಅದು ದನ ಹೊಗಿಸಿದ ಮಾತು.

ಅವನು ಆಲ್ಬಮ್ ಮುಚ್ಚಿದ. "ಚಲೋ ಆತ ಬಿಡವ್ವಾ. ಹಿಂದಿನವರ ಕೆಲಸ ಮುಗೀತು ಅಂದಂಗ" ಎಂದವನೇ ಎದ್ದು ಚಪ್ಪಲಿ ಮೆಟ್ಟಿದ. "ನಡೀ" ಎಂದ ವೈನಿಗೆ. ನಾನು ಹಿಟ್ಟಿನ ಕೈಯಲ್ಲೇ ಬಾಗಿಲತನಕ ಓಡಿದೆ. "ಅಣ್ಣಾ, ಸಣ್ಣ ಹುಡುಗಿ..." ಅವನು ತಿರುಗಲಿಲ್ಲ. ಹೋಳಿಗೆಯನ್ನು ಅಂದು ನಮ್ಮಲ್ಲಿ ಯಾರೂ ಮುಟ್ಟಲಿಲ್ಲ.

ನನ್ನ ಮಗ ಫೋನು ಮಾಡಿದರೆ ಅಣ್ಣ ಅದನ್ನು ವೈನಿಯ ಕೈಗೆ ಕೊಟ್ಟುಬಿಡುತ್ತಿದ್ದ. ಪಂಚಮಿ ಬಂತು. ಅಳ್ಳಿಟ್ಟು, ತಂಬಿಟ್ಟು ಎಲ್ಲ ಮಾಡಿ ನಾನು ಬೆಳಗಿನಿಂದ ಹೊಸ್ತಿಲಲ್ಲೇ ಕುಳಿತೆ. ಮೋಟಾರ್‌ಸೈಕಲ್ ಸಪ್ಪಳ ಆದಾಗಲೆಲ್ಲ ಎದ್ದು ನೋಡಿದೆ. ಯಾರೂ ಬರಲಿಲ್ಲ. ದೀಪಾವಳಿಯೂ ಹಾಗೇ ಹೋಯಿತು. ಓಣಿಯವರು ಕೇಳಿದರೆ "ಅವರಿಗೆ ಕಬ್ಬಿನ ಗಡಿಬಿಡಿ" ಎನ್ನುತ್ತಿದ್ದೆ. ಒಳಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅದನ್ನು ಸುಪ್ಪಿ ನೋಡಿದಳು.

"ಆಯಿ, ನನ್ನಿಂದ ನಿನ್ನ ತವರು ಹೋತಲ್ಲ" ಎಂದಳು.

"ಎಲ್ಲಿ ಹೋಗತೈತಿ ಬೇ? ಜುಗೂಳ ಹೊಳೀದಂಡಿ ಮ್ಯಾಲ ಕುಂತೈತಿ, ಹೊಳಿ ಒಯ್ದರ ಹೋಗಬೇಕ ಅಷ್ಟ" ಎಂದೆ. ನಗಿಸೋಣವೆಂದು ಹೇಳಿದ್ದು. ಅವಳು ನಗಲಿಲ್ಲ.

ಮರುದಿನ ಎದ್ದವಳೇ, "ನಾ ಮುಂದಿಂದೂ ಹಿಂದಿಂದೂ ಎರಡೂ ಸ್ವಚ್ಛ ಕಾಣೂ ಫೋಟೋ ತಗೀಲಾಕ ಕಲೀತೀನಿ. ಕಲತು ಅಜ್ಜನ ಹೊಲಾನ ತಗದು ಅವರ ಕೈಯಾಗ ಇಡತೀನಿ" ಎಂದಳು.

"ಮನಷ್ಯಾರನ್ನ ಬಿಟ್ಟು ಹೊಲ ಯಾಕ?"

"ಹೊಲ ಸಿಟ್ಟಿಗೇಳೂದಿಲ್ಲಲ್ಲ."

ಹೀಗೆ ಸುರುವಾಯಿತು ನಮ್ಮ ತಿರುಗಾಟ. ನಮ್ಮ ಅಂತ ಯಾಕೆ ಅಂದೆ ಎಂದರೆ ಅವಳ ಹಿಂದೆ ನೀರಿನ ಬಾಟಲಿ ಹಿಡಿದು ನಾನೂ ಹೊರಟಿದ್ದೆ. ಹುಡುಗಿಯನ್ನು ಒಬ್ಬಳನ್ನೇ ಹೊಲಗಳಲ್ಲಿ ಬಿಡುವುದು ಹೇಗೆ ಎಂಬ ನೆಪ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕುಳಿತರೆ ಬಾಗಿಲೇ ಕಣ್ಣಿಗೆ ಬೀಳುತ್ತಿತ್ತು.

ಮೊದಲು ನಮ್ಮದೇ ಹೊಲ. ಬದುವಿನ ಮೇಲೆ ಕುಸುಬೆ ಹೂವು, ಹಿಂದೆ ಗೋವಿನಜೋಳ, ಅದರಾಚೆ ಬಾವಿ, ಬಾವಿಯಾಚೆ ಬೇವಿನ ಮರ. ಹೂವಿನ ಮುಳ್ಳು ಕಂಡರೆ ಬೇವಿನ ಮರ ಹೊಗೆ. ಬೇವಿನ ಮರ ಕಂಡರೆ ಹೂವು ಹಳದಿ ಉಂಡೆ. ಸುಪ್ಪಿ ಕ್ಯಾಮೆರಾ ಕೆಳಗಿಟ್ಟು ತಲೆ ಹಿಡಿದುಕೊಂಡಳು. "ಡೆಪ್ತ್ ಆಫ್ ಫೀಲ್ಡ್ ಬರವಲ್ದು ಆಯಿ. ಫೀಲ್ಡಿನ ಆಳ."

ಫೀಲ್ಡು ಎಂದರೆ ಹೊಲ, ಅಷ್ಟು ಇಂಗ್ಲೀಷು ನನಗೂ ಬರುತ್ತದೆ. "ನಮ್ಮ ಹೊಲದ ಆಳ ನನ್ನ ಕೇಳ ಬೇ! ಬಾವಿ ತೋಡುವಾಗ ನಿಮ್ಮ ಮುತ್ಯಾ ಎದಿಮಟ ಇಳದ್ರೂ ಕರಿಮಣ್ಣ ಮುಗದಿರಲಿಲ್ಲ. ಇಂಥಾ ಆಳದ ಹೊಲ ಹಾರೂಗೇರಿಯೊಳಗ ಇನ್ನೊಂದ ತೋರಸು" ಎಂದೆ.

ಸುಪ್ಪಿ ನನ್ನ ಮುಖ ನೋಡಿದಳು. ಆಮೇಲೆ ಬದುವಿನ ಮೇಲೇ ಬಿದ್ದು ಹೊರಳಾಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದೆ. ಏನು ತಪ್ಪು ಅಂದೆನೋ ತಿಳಿಯದಿದ್ದರೂ ನಾನೂ ನಕ್ಕೆ. ಆಮೇಲೆ ಅವಳು ತಿಳಿಸಿ ಹೇಳಿದಳು. ಮುಂದೆ ಎಲ್ಲಿಂದ ಹಿಂದೆ ಎಲ್ಲಿಯತನಕ ಎಲ್ಲ ಸ್ವಚ್ಛ ಕಾಣುತ್ತದೋ, ಅದೇ ಆ ಆಳವಂತೆ. ಕ್ಯಾಮೆರಾದ ಕಣ್ಣಿನೊಳಗೆ ಒಂದು ಕಿಂಡಿ ಇದೆ. ದೊಡ್ಡದಾಗಿ ತೆರೆದರೆ ಒಂದೇ ಜಾಗ ಸ್ವಚ್ಛ, ಉಳಿದದ್ದೆಲ್ಲ ಮಸಕು. ಮದುವೆಯಲ್ಲಿ ಹಾಗೆ ತೆರೆದಿದ್ದಳು. ಕಿಂಡಿ ಸಣ್ಣದು ಮಾಡಿದಷ್ಟೂ ಆಳ ಹೆಚ್ಚು.

"ಹಂಗಾರ ಸಣ್ಣದ ಮಾಡು, ಮುಗೀತಲ್ಲ!"

ಮುಗಿಯಲಿಲ್ಲ. ಕಿಂಡಿ ಸಣ್ಣದಾದರೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಕೈ ನಡುಗಿದರೆ ಇಡೀ ಹೊಲವೇ ನಡುಗುತ್ತದೆ. ಅದಕ್ಕೆ ಮೂರು ಕಾಲಿನ ಸ್ಟ್ಯಾಂಡ್ ತಂದಳು. ನಿಪ್ಪಾಣಿಯ ಏರಿನಲ್ಲಿ ತಂಬಾಕಿನ ಹೊಲ ತೆಗೆದಳು. ಎಲೆಯ ಮೇಲಿನ ನವಿರು ಸಹ ಕಂಡಿತು, ಹಿಂದಿನ ಗುಡ್ಡ ಇನ್ನೂ ಮೆತ್ತಗೆ. ಅಥಣಿಯ ದ್ರಾಕ್ಷಿ ತೋಟಕ್ಕೆ ಹೋಗಿ ಕಿಂಡಿಯನ್ನು ಪೂರಾ ಕಿರಿದು ಮಾಡಿದಳು. ಅದೂ ಸರಿಹೋಗಲಿಲ್ಲ. ವಿಪರೀತ ಕಿರಿದು ಮಾಡಿದರೆ ಮುಂದೆ ಹಿಂದೆ ಎಲ್ಲವೂ ಒಂದಿಷ್ಟು ಮೊಂಡಾಗುತ್ತದಂತೆ, ತೀರಾ ಸಣ್ಣ ಜರಡಿಯಲ್ಲಿ ಹಿಟ್ಟು ಸೋಸಲು ಹೋದ ಹಾಗೆ.

ಸಂಜೆಯ ಬೆಳಕು ಬಂಗಾರ ಎನ್ನುತ್ತಿದ್ದಳು. ಆದರೆ ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. "ನಿನ್ನ ಬಂಗಾರದ ಬೆಳಕೂ ನನ್ನ ರೊಟ್ಟೀನೂ ಒಂದ ಹೊತ್ತಿಗಿ ಬರತಾವಲ್ಲ ಬೇ" ಎಂದರೆ, "ನೀ ಉಣ್ಣು ಆಯಿ, ನಾ ಉಪವಾಸ" ಎನ್ನುವಳು. ಮೊಮ್ಮಗಳು ಹಸಿದಿರುವಾಗ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತದೆಯೇ? ಬದುವಿನ ಮೇಲೆ ಕುಳಿತು ರೊಟ್ಟಿ ಮುರಿದು ಅವಳ ಬಾಯಿಗಿಡುತ್ತಿದ್ದೆ. ಅವಳು ಒಂದು ಕಣ್ಣು ಮುಚ್ಚಿಕೊಂಡೇ ಅಗಿಯುತ್ತಿದ್ದಳು. ಕೊನೆಗೆ ಇಬ್ಬರೂ ರಾಜಿಯಾಗಿ ಬೆಳಗಿನ ಬೆಳಕು ಹಿಡಿದೆವು.

ಒಂದು ಬೆಳಗ್ಗೆ ರಾಯಬಾಗದ ಕಡೆಯ ಹೊಲದಿಂದ ಅವಳು ಕುಣಿಯುತ್ತ ಬಂದಳು. "ಸಿಕ್ತು ಆಯಿ! ಕಿಂಡಿ ಸಣ್ಣದಿದ್ರ ಸಾಲೂದಿಲ್ಲ, ನದರ ಎಲ್ಲಿ ಇಡತೀವಿ ಅನ್ನೂದೂ ಐತಿ. ಎಲ್ಲಾರಕಿಂತ ಮುಂದಿಂದರ ಮ್ಯಾಲ ಇಟ್ರ ಹಿಂದಿಂದು ಹೋಗತೈತಿ. ತೀರಾ ಹಿಂದ ಇಟ್ರ ಮುಂದಿಂದು ಹೋಗತೈತಿ. ನಡುವಿಗಿಂತ ಒಂಚೂರ ಈಚೆಕಡೆ ಇಡಬೇಕು. ಆವಾಗ ಎರಡೂ ದಂಡಿ ಸಿಗತಾವು." ತೋರಿಸಿದಳು. ಮುಂದಿನ ಹೆಂಟೆಯಿಂದ ಹಿಡಿದು ಹಿಂದಿನ ಕರೆಂಟ್ ಕಂಬದ ತಂತಿಯತನಕ ಎಲ್ಲ ಸ್ವಚ್ಛ. ತಂತಿಯ ಮೇಲೆ ಕುಳಿತ ಹಕ್ಕಿಗೆ ಬಾಲ ಇತ್ತು!

ಸಂಕ್ರಾಂತಿ ಹತ್ತಿರ ಬಂದಾಗ ವೈನಿ ಗುಟ್ಟಾಗಿ ಫೋನು ಮಾಡಿದರು. "ಪದ್ದಕ್ಕ, ಕಬ್ಬಿಗೆ ಹೂವಿನ ತುರಾಯಿ ಬಂದೈತಿ ನೋಡ್ರಿ, ಇಡೀ ಹೊಲ ಬೆಳ್ಳಿ ಆಗೈತಿ. ಹಬ್ಬ ಮುಗದ ಕೂಡಲೆ ಕಡಿಯೂ ಗ್ಯಾಂಗ್ ಬರತೈತಿ. ಬರೂದಿದ್ರ ಈಗ ಬರ್ರಿ."

"ಅಣ್ಣ ಏನಂತಾನ?"

"ಅವರು ಏನರೆ ಅನ್ನಲಿ. ಮನಿ ನಂದೂ ಐತಿ."

ಭೋಗಿಯ ದಿನ ಹೋದೆವು. ನನ್ನದೇ ಊರಿಗೆ, ಅಣ್ಣ ಕರೆಯದೆ. ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ನನ್ನತ್ತ ನೋಡದೆ ಒಳಗೆ ಕೂಗಿದ. "ಏ, ಯಾರೋ ಬಂದಾರ ನೋಡು. ಬಂದವರಿಗಿ ಚಾ ಕೊಡು." ಹುಟ್ಟಿದ ಮನೆಯಲ್ಲಿ ನಾನು ಬಂದವಳಾದೆ. ಸುಪ್ಪಿ ಕಾಲಿಗೆ ನಮಸ್ಕಾರ ಮಾಡಿದರೆ, "ಈ ಸಲ ಯಾರನ್ನ ಮಸಕ ಮಾಡಾಕ ಬಂದೀ? ಹೊಳೀನ ಏನ?" ಎಂದು ಎದ್ದು ಹೋದ. ವೈನಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಸಿದರು. ನಾನು ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. ಈ ಫೋಟೋ ಬಂದರೂ ಇವನು ಕರಗದಿದ್ದರೆ ಇನ್ನು ಜುಗೂಳದ ಬಸ್ಸು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಂಕ್ರಾಂತಿಯ ಬೆಳಗು. ಹೊಲಕ್ಕೆ ಹೋಗುವಾಗ ಬಾಯಿಂದ ಹೊಗೆ ಬರುವಷ್ಟು ಥಂಡಿ. ಸುಪ್ಪಿ ಬದುವಿನ ಮೇಲೆ ಸ್ಟ್ಯಾಂಡನ್ನು ತಗ್ಗಿಗೆ ಊರಿದಳು. ಮುಂದೆ ಕೈಗೆ ಸಿಗುವಷ್ಟು ಹತ್ತಿರ ಒಂದು ತುರಾಯಿ, ಇಬ್ಬನಿಯಲ್ಲಿ ತೊಯ್ದು ಬಾಗಿತ್ತು. ಅದರ ಹಿಂದೆ ಕಬ್ಬಿನ ಸಾಲು, ಸಾಲಿನ ಕೊನೆಗೆ ಹೊಳೆ, ಹೊಳೆಯ ಆಚೆ ಮಹಾರಾಷ್ಟ್ರದ ದಂಡೆ, ಆ ದಂಡೆಯ ಗುಡಿ. ಎಲ್ಲವನ್ನೂ ಮಂಜು ನುಂಗಿಕೊಂಡಿತ್ತು. ಕಾದೆವು. ಮಂಜು ಏಳತೊಡಗಿದರೆ ಗಾಳಿ ಬಂತು. ತುರಾಯಿಗಳೆಲ್ಲ ತಲೆ ಆಡಿಸತೊಡಗಿದವು.

"ನಿಂದ್ರು ತಾಯಿ, ಒಂದ ಗಳಿಗಿ ನಿಂದ್ರು" ಎಂದು ಸುಪ್ಪಿ ಗಾಳಿಗೆ ಕೈ ಮುಗಿದಳು. ನಾನು ನಗಲಿಲ್ಲ. ನಾನೂ ಮುಗಿದೆ.

ಬಿಸಿಲು ಕಬ್ಬಿನ ತುದಿಗೆ ತಾಗಿದ ಹೊತ್ತಿಗೆ ಗಾಳಿ ಉಸಿರು ಬಿಗಿ ಹಿಡಿದಂತೆ ನಿಂತುಬಿಟ್ಟಿತು. ಕೈ ತಾಗಿದರೂ ಅಲುಗೀತೆಂದು ಅವಳು ಗುಂಡಿ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದಳು. ಕ್ಯಾಮೆರಾ ತಾನೇ ಕಣ್ಣು ತೆರೆದು, ನಿಧಾನಕ್ಕೆ ಮುಚ್ಚಿತು. ಗಾಳಿ ಮತ್ತೆ ಬಂತು.

ಹಿಂದಿನ ಪರದೆಯಲ್ಲಿ ಅವಳು ಫೋಟೋವನ್ನು ಹಿಗ್ಗಿಸಿ ನೋಡತೊಡಗಿದಳು. ತುರಾಯಿಯ ಎಳೆ ಸ್ವಚ್ಛ. ಕಬ್ಬಿನ ಗಣ್ಣು ಸ್ವಚ್ಛ. ಗುಡಿಯ ಕಳಸ ಸ್ವಚ್ಛ. "ಆಯಿ, ಇಲ್ಲಿ ನೀರಿನ ದಂಡಿಗಿ ಏನೋ ಬೆಳ್ಳಗ ಐತಿ."

"ಬೆಳ್ಳಕ್ಕಿ ಇರಬೇಕ ಬಿಡು."

ಇನ್ನೂ ಹಿಗ್ಗಿಸಿದಳು. ಬೆಳ್ಳಕ್ಕಿಗೆ ಧೋತರ ಇತ್ತು.

ಹೊಳೆಯ ಸ್ನಾನ ಮುಗಿಸಿದ ಅಣ್ಣ! ಎರಡೂ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ, ನೆಟ್ಟಗೆ ನಿಂತು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಮೈಮೇಲೆ ನೊಣ ಕೂತರೂ ಅವನು ಅಲುಗುವವನಲ್ಲ. ಇಡೀ ಕಬ್ಬಿನ ಹಿಂದೆ, ಗೋಧಿಕಾಳಿನಷ್ಟು ಸಣ್ಣಗೆ ನಿಂತಿದ್ದಾನೆ; ಹೆಗಲ ಮೇಲಿನ ಟವೆಲ್ಲಿನ ಕೆಂಪು ಅಂಚು ಕೂಡ ಕಾಣುತ್ತಿದೆ. ನಾವಿಬ್ಬರೂ ಮನೆಗೆ ಓಡಿದೆವು. ನನ್ನ ಮೊಣಕಾಲು ನೋವು ಅಂದು ಎಲ್ಲಿ ಹೋಗಿತ್ತೋ.

ಸುಪ್ಪಿ ಪಡಸಾಲೆಯ ಟಿವಿಗೆ ವೈರು ಜೋಡಿಸಿದಳು. ಮನೆಮಂದಿಯೆಲ್ಲ ಸೇರಿದರು. ಅಣ್ಣ ಬಂದ, ಒದ್ದೆ ಟವೆಲ್ಲು ಹಿಂಡುತ್ತ ಬಾಗಿಲಲ್ಲೇ ನಿಂತ.

"ನಮ್ಮ ಹೊಲ" ಎಂದ. ಬಾಯಿ ತಪ್ಪಿ ಬಂದ ಮಾತು. ಆಮೇಲೆ ಎರಡು ಹೆಜ್ಜೆ ಒಳಗೆ ಬಂದ. "ಆ ಸಾಲಿನ್ಯಾಗ ಒಂದ ಕಬ್ಬ ಬಿದ್ದೈತಲ್ಲ, ಅದೂ ಕಾಣತೈತಿ!"

"ಇನ್ನಽ ಒಳಗ ಹೋಗೂಣ್ರಿ ಅಜ್ಜ" ಎಂದು ಸುಪ್ಪಿ ಹಿಗ್ಗಿಸುತ್ತ ಹೊಳೆಯ ದಂಡೆಗೆ ಒಯ್ದಳು.

"ಇಂವ ಯಾರು?"

"ನೀವರಿ."

ಅಣ್ಣ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ತನ್ನನ್ನು ತಾನು ನೋಡಿದ. "ನನ್ನ ಅಲ್ಲಿ ನೋಡಿ ತಗದೀಯೇನ?"

ಹೌದೆಂದು ಒಂದು ಮಾತು ಅಂದುಬಿಡಬಾರದೇ ಎನಿಸಿತು ನನಗೆ. ಸುಪ್ಪಿ ಸುಳ್ಳು ಹೇಳಲಿಲ್ಲ. "ಇಲ್ರಿ ಅಜ್ಜ. ನೀವು ಅಲ್ಲಿ ನಿಂತಿದ್ದ ನನಗ ಗೊತ್ತ ಇರಲಿಲ್ಲ. ಹೊಲದಾಗ ಯಾರ ಎಲ್ಲೇ ನಿಂತ್ರೂ ಕಾಣಬೇಕು, ಹಂಗ ಇಟ್ಟಿದ್ದೆ."

ಅಣ್ಣ ತಿರುಗಿದ. ಸೊಂಟದ ಮೇಲೆ ಕೈ ಇಟ್ಟ. "ನೋಡದನ ಇಷ್ಟ ಛಂದ ತಗದೀಯಲ್ಲ ಬೇ! ಮತ್ತ ಮದುವ್ಯಾಗ ನೋಡಿ ತಗದಾಗ ಏನ ಬಡದಿತ್ತು ನಿನಗ?"

ಮೊದಲು ನಕ್ಕವರು ವೈನಿ. ಆಮೇಲೆ ಮನೆಗೆ ಮನೆಯೇ ನಕ್ಕಿತು. ಸುಪ್ಪಿ ಅಳುತ್ತ ನಕ್ಕಳು. ಅಣ್ಣ ತಾಟಿನಿಂದ ಕುಸುರೆಳ್ಳು ತೆಗೆದು ಅವಳ ಅಂಗೈಗೆ ಹಾಕಿ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎನ್ನುವ ಹಬ್ಬದ ಮಾತನ್ನು ತನ್ನದೇ ರೀತಿಯಲ್ಲಿ ಹೇಳಿದ: "ತಿನ್ನು. ತಿಂದು, ಇನ್ನ ಮ್ಯಾಲ ಬಾಯಿ ತಗಿಯೂ ಮುಂದ ಯೋಚನಿ ಮಾಡು." ನನ್ನ ಕೈಗೂ ಹಾಕಿದ. "ಪದ್ದೀ, ಚಾ ಕುಡದೀ ಇಲ್ಲ?" ಎಂದ. ಇಷ್ಟೇ ಮಾತು. ಬೇಸಿಗೆಯಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಸದ್ದಿಲ್ಲದೆ ಇಳಿದು ಹೋಯಿತು. ಕುಸುರೆಳ್ಳು ಬಾಯಲ್ಲಿ ಕರಗುತ್ತಿತ್ತೋ ನಾನೇ ಕರಗುತ್ತಿದ್ದೆನೋ, ಹೇಳಲಾರೆ.

ಅಣ್ಣ ಅಷ್ಟಕ್ಕೇ ಬಿಡುವವನೇ? ಪಟಗಾ ಸುತ್ತಿಕೊಂಡು ಬಂದು ಮನೆಮಂದಿಯನ್ನೆಲ್ಲ ಅಂಗಳಕ್ಕೆ ಹೊರಡಿಸಿದ. ಕೂಸುಗಳು ಮುಂದೆ, ಅವುಗಳ ಹಿಂದೆ ಸೊಸೆಯಂದಿರು, ಗಂಡುಮಕ್ಕಳು, ಬಾಗಿಲ ಹತ್ತಿರ ಅದೇ ಹಸಿರು ಸೀರೆಯ ವೈನಿ. ಸುಪ್ಪಿ, "ಅಜ್ಜ, ನೀವ ಮುಂದ ಬರ್ರಿ, ಖುರ್ಚಿ ಹಾಕೀನಿ" ಎಂದಳು.

"ಒಲ್ಲೆ. ನಾ ಹಿಂದ ನಿಂದ್ರತೀನಿ" ಎಂದು ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ, ಎಲ್ಲರ ಹಿಂದೆ, ನೆರಳಿನಲ್ಲಿ ನಿಂತ. "ನೀನೂ ಬಾ ಪದ್ದೀ. ನಮ್ಮಿಬ್ಬರನ್ನ ಹೆಂಗ ಮಸಕ ಮಾಡತಾಳ ನೋಡೇ ಬಿಡೂಣು."

ಹೋಗಿ ಅವನ ಪಕ್ಕಕ್ಕೆ ನಿಂತೆ. ನೆರಳಾದ್ದರಿಂದ ಕ್ಯಾಮೆರಾ ತುಸು ಹೆಚ್ಚೇ ಹೊತ್ತು ಕಣ್ಣು ತೆರೆದಿರುತ್ತದೆ, ಯಾರೂ ಉಸಿರಾಡಬೇಡಿ ಎಂದಳು ಸುಪ್ಪಿ. ಕೂಸುಗಳು ಕೂಡ ಗೊಂಬೆಯ ಹಾಗೆ ನಿಂತವು. ಆಗ ಅಣ್ಣ ತುಟಿ ಅಲುಗಿಸದೆ ನನ್ನ ಕಿವಿಗೆ ಹೇಳಿದ, "ನಿನ್ನ ವೈನಿ ಈಗೂ ಮೇವಿನ ಹೊರೀನ."

ಇಂದಿಗೂ ಆ ಫೋಟೋ ಜುಗೂಳದ ಪಡಸಾಲೆಯಲ್ಲಿದೆ. ಮುಂದಿನ ಕೂಸಿನ ಮೂಗಿನ ಸಿಂಬಳದಿಂದ ಹಿಂದೆ ನಿಂತ ಅಣ್ಣನ ಮೀಸೆಯ ಕೂದಲಿನವರೆಗೆ ಎಲ್ಲ ಸ್ವಚ್ಛವಾಗಿದೆ. ಇಡೀ ಮನೆತನದಲ್ಲಿ ನಾನೊಬ್ಬಳೇ ಮಸಕು. ನಗು ತಡೆಯಲಾಗಿರಲಿಲ್ಲ.